ಓದುಗರ ಪ್ರಶ್ನೆ: ಕಿಣ್ವಕ್ಕೆ ಕಣ್ಣಿಲ್ಲ, ಗುರುತು ಹೇಗೆ ಹಿಡಿಯುತ್ತದೆ?

ಈ ಸಲ ಕಿಣ್ವಗಳ ಬಗ್ಗೆ ಬಂದ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಟ್ಟೆ ಒಗೆಯುವ ಪುಡಿಯ ಪಾಕೀಟಿನ ಮೇಲೆ, ಅಜೀರ್ಣದ ಔಷಧದ ಬಾಟಲಿ ಮೇಲೆ ಎಂಜೈಮ್ ಅಂತ ಬರೆದಿರುತ್ತದಲ್ಲ, ಅದೇ ಕಿಣ್ವ. ಬೇರೆ ಅಣುಗಳನ್ನು ಕತ್ತರಿಸುವ, ಜೋಡಿಸುವ ಕೆಲಸದ ಪ್ರೋಟೀನ್ ಅದು. ಪತ್ರಗಳು ಬೇರೆ ಬೇರೆ ಊರಿನವು, ಬೇರೆ ಬೇರೆ ತೊಂದರೆಯವು. ಆದರೆ ಬುಡದಲ್ಲಿ ಕೇಳಿರುವುದು ಒಂದೇ. ಸುತ್ತ ಸಾವಿರಾರು ತರದ ಅಣುಗಳು ಓಡಾಡುತ್ತಿರುವಾಗ ಕಿಣ್ವ ತನಗೆ ಬೇಕಾದ್ದನ್ನೇ ಹೇಗೆ ಹಿಡಿಯುತ್ತದೆ?

ಪ್ರಶ್ನೆ: ಸರ್, ಕಿಣ್ವ ಬೀಗ ಇದ್ದಂತೆ, ಅಣು ಕೀಲಿಕೈ ಇದ್ದಂತೆ ಎಂದು ನಮ್ಮ ಪುಸ್ತಕದಲ್ಲಿ ಒಂದು ಚಿತ್ರ ಹಾಕಿ ಮುಗಿಸಿದ್ದಾರೆ. ಪರೀಕ್ಷೆಗೆ ಅಷ್ಟು ಸಾಕಂತೆ. ಆದರೆ ಕಿಣ್ವಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ಗುರುತು ಹೇಗೆ ಹಿಡಿಯುತ್ತದೆ? ಇನ್ನೊಂದು, ಕೆಲಸ ನಡೆಯುವ ಜಾಗ ಅಷ್ಟು ಸಣ್ಣದಾದರೆ ಉಳಿದ ಅಷ್ಟು ದೊಡ್ಡ ಪ್ರೋಟೀನ್ ಯಾಕೆ ಬೇಕು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಎರಡನೇ ಪ್ರಶ್ನೆಯನ್ನು ಎಂ.ಎಸ್ಸಿ. ಮಾಡುವವರೂ ಕೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬೀಗ-ಕೀಲಿಕೈ ಮಾತು ಜರ್ಮನಿಯ ಎಮಿಲ್ ಫಿಶರ್ ಅವರದು, 1894ರದ್ದು. ಆಗ ಕಿಣ್ವದ ಒಳಗನ್ನು ಯಾರೂ ನೋಡಿರಲಿಲ್ಲ. ಫಿಶರ್ ಕೆಲಸ ಮಾಡುತ್ತಿದ್ದದ್ದು ಸಕ್ಕರೆಗಳ ಮೇಲೆ. ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ, ಒಂದು ಕೊಂಡಿ ಮಾತ್ರ ಮೇಲಿನ ಬದಲು ಕೆಳಗೆ ತಿರುಗಿದೆ. ಅಷ್ಟಕ್ಕೇ ಕಿಣ್ವ ಒಂದನ್ನು ಕತ್ತರಿಸುತ್ತಿತ್ತು, ಇನ್ನೊಂದನ್ನು ಮುಟ್ಟುತ್ತಲೂ ಇರಲಿಲ್ಲ. ಹಾಗಾದರೆ ಕಿಣ್ವಕ್ಕೂ ಒಂದು ಆಕಾರ ಇರಲೇಬೇಕು ಎಂದು ಅವರು ಊಹೆ ಮಾಡಿದರು. ಒಂದು ಕಿಣ್ವದ ರಚನೆ ಎಕ್ಸ್-ರೇ ಸಹಾಯದಿಂದ ಮೊದಲ ಸಲ ಸ್ಪಷ್ಟವಾಗಿ ಕಂಡದ್ದು 1965ರಲ್ಲಿ, ಲಂಡನ್ನಿನ ಡೇವಿಡ್ ಫಿಲಿಪ್ಸ್ ತಂಡಕ್ಕೆ. ಅದು ಕೋಳಿಮೊಟ್ಟೆಯ ಬಿಳಿ ಭಾಗದಲ್ಲಿರುವ ಲೈಸೋಜೈಮ್. ಊಹೆಗೂ ಕಣ್ಣಾರೆ ಕಂಡದ್ದಕ್ಕೂ ನಡುವೆ ಎಪ್ಪತ್ತು ವರ್ಷ!

ಈಗ ಗುರುತಿನ ವಿಷಯ. ಕಿಣ್ವ ಏನನ್ನೂ ಹುಡುಕುವುದಿಲ್ಲ. ನೀರಿನಲ್ಲಿ ಎಲ್ಲವೂ ಎಲ್ಲದಕ್ಕೂ ಸುಮ್ನೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಹೊಂದದ ಅಣು ಬಂದ ಹಾಗೇ ಜಾರಿ ಹೋಗುತ್ತದೆ. ಹೊಂದುವ ಅಣು ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಗುರುತು ಅಂದರೆ ಅಷ್ಟೇ. ಹಾಗಾದರೆ ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ಯಾರು ತೀರ್ಮಾನಿಸುತ್ತಾರೆ? ಪ್ರೋಟೀನು ಮಡಚಿಕೊಂಡ ರೀತಿ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದ ಸರ. ಇಪ್ಪತ್ತು ತರದವು ಇವೆ. ಕೆಲವು ದಪ್ಪ, ಕೆಲವು ಸಣ್ಣ. ಕೆಲವಕ್ಕೆ ಪ್ಲಸ್ ಚಾರ್ಜು, ಕೆಲವಕ್ಕೆ ಮೈನಸ್, ಕೆಲವಕ್ಕೆ ನೀರು ಕಂಡರಾಗದು. ಸರ ಮಡಚಿದಾಗ ದೂರ ದೂರ ಇದ್ದವು ಪಕ್ಕಕ್ಕೆ ಬರುತ್ತವೆ. ಕೈಮೋಟ್ರಿಪ್ಸಿನ್ ಎಂಬ ಜೀರ್ಣಕಿಣ್ವದಲ್ಲಿ ಕತ್ತರಿಸುವ ಕೆಲಸ ಮಾಡುವ ಮೂವರು 57, 102 ಮತ್ತು 195ನೇ ಜಾಗದಲ್ಲಿದ್ದಾರೆ. ಸರದಲ್ಲಿ ಎಷ್ಟೊಂದು ದೂರ, ಮಡಚಿದ ಮೇಲೆ ಒಬ್ಬರಿಗೊಬ್ಬರು ತಾಗಿಕೊಂಡು ಕೂತಿದ್ದಾರೆ. ಅಲ್ಲೇ ಪಕ್ಕದಲ್ಲಿ ಒಂದು ಗೂಡು. ಪುಸ್ತಕದಲ್ಲಿ ಆಕ್ಟಿವ್ ಸೈಟ್ ಅನ್ನುವ ಜಾಗದ ಒಂದು ಭಾಗ ಅದು.

ಆ ಗೂಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಮೇದೋಜೀರಕ ಗ್ರಂಥಿಯಿಂದ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಎಲಾಸ್ಟೇಸ್ ಎಂಬ ಮೂರು ಕಿಣ್ವ ಬರುತ್ತವೆ. ಮೂರೂ ಹತ್ತಿರದ ಸಂಬಂಧಿಗಳು, ಮೈಕಟ್ಟು ಒಂದೇ, ಕತ್ತರಿಸುವ ರೀತಿಯೂ ಒಂದೇ. ಆದರೆ ಪ್ರೋಟೀನಿನ ಸರವನ್ನು ಒಂದೊಂದೂ ಒಂದೊಂದು ಕಡೆ ಕತ್ತರಿಸುತ್ತದೆ. ಟ್ರಿಪ್ಸಿನ್ ಗೂಡಿನ ತಳದಲ್ಲಿ 189ನೇ ಜಾಗದಲ್ಲಿ ಆಸ್ಪಾರ್ಟೇಟ್ ಇದೆ, ಅದಕ್ಕೆ ಮೈನಸ್ ಚಾರ್ಜು. ಆದ್ದರಿಂದ ಉದ್ದ ಬಾಲದ ತುದಿಯಲ್ಲಿ ಪ್ಲಸ್ ಇರುವ ಲೈಸಿನ್, ಆರ್ಜಿನಿನ್ ಬಂದರೆ ತಳದವರೆಗೆ ಇಳಿದು ನಿಲ್ಲುತ್ತವೆ. ಕೈಮೋಟ್ರಿಪ್ಸಿನ್ನಿನಲ್ಲಿ ಅದೇ 189ರಲ್ಲಿ ಸೀರಿನ್ ಇದೆ, ಚಾರ್ಜು ಇಲ್ಲ. ಅಗಲವಾದ, ಎಣ್ಣೆ ಜಾತಿಯ ಗೂಡು ಅದು. ಅಲ್ಲಿಗೆ ಫಿನೈಲ್‌ಅಲನಿನ್, ಟ್ರಿಪ್ಟೊಫಾನ್ ತರದ ಚಪ್ಪಟೆ ಉಂಗುರದವು ಬರುತ್ತವೆ. ಎಲಾಸ್ಟೇಸಿನಲ್ಲಿ 216 ಮತ್ತು 226ರಲ್ಲಿ ದಪ್ಪನೆಯ ಎರಡು ಅಮೈನೋ ಆಮ್ಲ ಅಡ್ಡ ಕೂತಿವೆ, ಗೂಡು ಹೆಚ್ಚು ಕಡಿಮೆ ಮುಚ್ಚಿಯೇ ಹೋಗಿದೆ. ಅಲನಿನ್ ತರದ ಸಣ್ಣವಕ್ಕಷ್ಟೇ ಅಲ್ಲಿ ಜಾಗ.

ಇಲ್ಲಿಗೆ ಬೀಗ-ಕೀಲಿಕೈ ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಈಗ ನಿನ್ನ ಎರಡನೇ ಪ್ರಶ್ನೆ. 189ರ ಆಸ್ಪಾರ್ಟೇಟ್ ತೆಗೆದು ಸೀರಿನ್ ಹಾಕಿಬಿಟ್ಟರೆ ಟ್ರಿಪ್ಸಿನ್ ಕೈಮೋಟ್ರಿಪ್ಸಿನ್ ಆಗಬೇಕಲ್ಲ? ಮಾಡಿ ನೋಡಿದರು. ಆಗಲಿಲ್ಲ. ಎರಡೂ ಕೆಲಸಕ್ಕೆ ಬಾರದ ಒಂದು ಸೋಮಾರಿ ಕಿಣ್ವ ಸಿಕ್ಕಿತು. ಗೂಡಿನ ಗೋಡೆಯನ್ನೆಲ್ಲ ಬದಲಿಸಿದರೂ ಸಾಲಲಿಲ್ಲ. ಕೊನೆಗೆ 1992ರಲ್ಲಿ ಅಮೆರಿಕದ ಲಿಜ್ಬೆತ್ ಹೆಡ್‌ಸ್ಟ್ರಮ್, ವಿಲಿಯಂ ರಟ್ಟರ್ ಮತ್ತು ಜೊತೆಗಾರರು ಗೂಡಿನ ಹೊರಗೆ, ಪ್ರೋಟೀನಿನ ಮೇಲ್ಮೈಯಲ್ಲಿರುವ ಎರಡು ಸುರುಳಿಗಳನ್ನೂ ಬದಲಿಸಿದಾಗ ಟ್ರಿಪ್ಸಿನ್ ಕೈಮೋಟ್ರಿಪ್ಸಿನ್ ತರ ಕೆಲಸ ಮಾಡತೊಡಗಿತು. ಆ ಸುರುಳಿಗಳು ಅಣುವನ್ನು ಮುಟ್ಟುವುದೇ ಇಲ್ಲ! ಗೂಡಿನ ಗೋಡೆ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಹಿಂದಿನಿಂದ ಹಿಡಿದುಕೊಳ್ಳುವವರು ಬೇಕು. ದೊಡ್ಡ ಪ್ರೋಟೀನ್ ಯಾಕೆ ಅಂದೆಯಲ್ಲ, ಅದಕ್ಕೇ. ನನಗೆ ಕೇಳಿದರೆ ಇಡೀ ಪಾಠದಲ್ಲಿ ಹೇಳಲೇಬೇಕಾದ ವಿಷಯ ಇದೇ, ಪುಸ್ತಕದಲ್ಲಿ ಇದನ್ನೇ ಬಿಟ್ಟಿರುತ್ತಾರೆ.

ಇನ್ನೂ ಒಂದಿದೆ. ಬೀಗ ಅಲುಗಾಡುವುದಿಲ್ಲ, ಕಿಣ್ವ ಅಲುಗಾಡುತ್ತದೆ. 1958ರಲ್ಲಿ ಅಮೆರಿಕದ ವಿಜ್ಞಾನಿ ಡೇನಿಯಲ್ ಕಾಶ್‌ಲ್ಯಾಂಡ್ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. ಹೆಕ್ಸೋಕೈನೇಸ್ ಎಂಬ ಕಿಣ್ವ ನೋಡು. ಅದು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಗ್ಲುಕೋಸಿಗೆ ಕೊಡುತ್ತದೆ. ಆದರೆ ನೀರಿಗೂ ಅದೇ ತರದ ಓಎಚ್ ಇದೆ, ನೀರು ಗ್ಲುಕೋಸಿಗಿಂತ ಎಷ್ಟೋ ಸಣ್ಣದು, ಗೂಡಿಗೆ ಆರಾಮಾಗಿ ಹಿಡಿಸುತ್ತದೆ. ಬೀಗದ ಲೆಕ್ಕದಲ್ಲಿ ಹೋದರೆ ಫಾಸ್ಫೇಟ್ ಎಲ್ಲಾ ನೀರುಪಾಲಾಗಬೇಕಿತ್ತು. ಆಗುವುದಿಲ್ಲ, ಯಾಕೆಂದರೆ ಗ್ಲುಕೋಸ್ ಬಂದು ಕೂತಾಗ ಮಾತ್ರ ಕಿಣ್ವದ ಎರಡು ಹೋಳು ಹತ್ತಿರ ಬಂದು ಮುಚ್ಚಿಕೊಳ್ಳುತ್ತವೆ, ಆಮೇಲೆಯೇ ಕೆಲಸ ಶುರು. ಮೋಸ ಮಾಡಲೂ ಬರುತ್ತದೆ. ಜೈಲೋಸ್ ಎಂಬ ಸಕ್ಕರೆ ಗ್ಲುಕೋಸಿನಂತೆಯೇ ಇದೆ, ತುದಿಯ ಒಂದು ತುಂಡು ಮಾತ್ರ ಇಲ್ಲ. ಅದು ಬಂದು ಕೂತರೆ ಕಿಣ್ವ ಮುಚ್ಚಿಕೊಳ್ಳುತ್ತದೆ, ಖಾಲಿ ಉಳಿದ ಮೂಲೆಯಲ್ಲಿ ಒಂದು ನೀರಿನ ಅಣು ಸಿಕ್ಕಿಕೊಳ್ಳುತ್ತದೆ, ಫಾಸ್ಫೇಟ್ ಆ ನೀರಿಗೆ ಹೋಗಿಬಿಡುತ್ತದೆ. ಪರೀಕ್ಷೆಯಲ್ಲಿ ಮಾತ್ರ ಬೀಗ-ಕೀಲಿಕೈ ಬರಿ, ಜೊತೆಗೆ ಕಾಶ್‌ಲ್ಯಾಂಡ್ ಹೆಸರೂ ಒಂದು ಸಾಲಿನಲ್ಲಿ ಹಾಕು.

ಪ್ರಶ್ನೆ: ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿ ಆಗುತ್ತದೆ. ರೊಟ್ಟಿಯಲ್ಲೂ ಕಣಿಕೆಯಲ್ಲೂ ಇರುವುದು ಗ್ಲುಕೋಸೇ ಎಂದು ಮಗ ಹೇಳುತ್ತಾನೆ. ಹಾಗಿದ್ದರೆ ಎಮ್ಮೆಗೆ ಕಣಿಕೆ ಯಾಕೆ, ನಮಗೆ ರೊಟ್ಟಿ ಯಾಕೆ?
– ಗೃಹಿಣಿ, ಬಸವನ ಬಾಗೇವಾಡಿ

ಉತ್ತರ: ಮಗ ಹೇಳಿದ್ದು ನಿಜ ಅಕ್ಕಾ. ಜೋಳದ ಹಿಟ್ಟಿನ ಪಿಷ್ಟವೂ ಗ್ಲುಕೋಸಿನ ಸರ, ಕಣಿಕೆಯ ಸೆಲ್ಯುಲೋಸೂ ಗ್ಲುಕೋಸಿನ ಸರ. ಕೊಂಡಿ ತಿರುಗಿದ ದಿಕ್ಕು ಮಾತ್ರ ಬೇರೆ. ಪಿಷ್ಟದ್ದು ಆಲ್ಫಾ ಕೊಂಡಿ, ಅದರಿಂದ ಸರ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನದು ಬೀಟಾ ಕೊಂಡಿ, ಸರ ನೆಟ್ಟಗೆ ನಿಂತು ಪಕ್ಕದ ಸರಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವದಲ್ಲಿರುವ ಕಾಲುವೆ ಬಾಗಿದ ಸರಕ್ಕೆ ಹೊಂದುವಂಥದ್ದು. ಅದು ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಮಾಡುತ್ತದೆ, ಬಾಯಿಗೆ ಸಿಹಿ ಬರುವುದು ಅದರಿಂದ. ಸೆಲ್ಯುಲೋಸ್ ಅದರೊಳಗೆ ಸರಿಯಾಗಿ ಕೂರುವುದೇ ಇಲ್ಲ.

ಎಮ್ಮೆಯ ಹೊಟ್ಟೆಯೂ ಸೆಲ್ಯುಲೋಸ್ ಒಡೆಯುವ ಕಿಣ್ವ ತಯಾರಿಸುವುದಿಲ್ಲ! ಆ ಕೆಲಸ ಮಾಡುವುದು ಅದರ ಮೊದಲ ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಸೂಕ್ಷ್ಮಜೀವಿಗಳು. ಮೇವು ದಿಢೀರ್ ಬದಲಿಸಿದರೆ ಎಮ್ಮೆಗೆ ಹೊಟ್ಟೆ ಕೆಡುವುದಕ್ಕೆ ಆ ಜೀವಿಗಳ ಏರುಪೇರೂ ಒಂದು ಕಾರಣ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಬೂದಿ ರೋಗಕ್ಕೆ ಮೊದಲು ಹೆಕ್ಸಾಕೊನಜೋಲ್ ಹೊಡೆದರೆ ಸಾಕಿತ್ತು. ಈಗ ಅದೂ ನಡೆಯುವುದಿಲ್ಲ, ಟೆಬುಕೊನಜೋಲ್ ತಂದರೂ ಅಷ್ಟಕ್ಕಷ್ಟೇ. ಅಂಗಡಿಯವರು ಡೋಸ್ ಜಾಸ್ತಿ ಮಾಡಿ ಅನ್ನುತ್ತಾರೆ. ದ್ರಾಕ್ಷಿಯ ಇನ್ನೊಂದು ರೋಗ ಡೌನಿಗಂತೂ ಈ ಔಷಧಗಳು ಯಾವತ್ತೂ ನಡೆದಿಲ್ಲ. ಔಷಧವೇ ನಕಲಿಯೋ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ನಕಲಿ ಇರಲಾರದು ಎಂದು ನಾನು ಗ್ಯಾರಂಟಿ ಕೊಡಲಾರೆ ಕಾಕಾ, ಬಿಲ್ ಇಟ್ಟುಕೊಳ್ಳಿ. ಆದರೆ ಅಸಲಿ ಔಷಧವೂ ಸೋಲುವ ಒಂದು ದಾರಿ ಇದೆ. ಅದನ್ನು ತಿಳಿದುಕೊಂಡರೆ ಡೋಸ್ ವಿಷಯ ತಾನಾಗಿ ಬಗೆಹರಿಯುತ್ತದೆ.

ಬೂದಿ ರೋಗದ ಶಿಲೀಂಧ್ರಕ್ಕೆ ತನ್ನ ಜೀವಕೋಶದ ಪೊರೆ ಕಟ್ಟಲು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ತರದ ವಸ್ತು ಬೇಕು. ಅದನ್ನು ತಯಾರಿಸುವ ದಾರಿಯಲ್ಲಿ ಸಿವೈಪಿ51 ಎಂಬ ಕಿಣ್ವವಿದೆ. ಈ ಕಿಣ್ವದ ಗೂಡಿನ ಒಳಗೆ ಒಂದು ಕಬ್ಬಿಣದ ಪರಮಾಣು ಇದೆ, ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇರುವ ಹಾಗೆ. ಕೊನಜೋಲ್ ಜಾತಿಯ ಔಷಧದ ಒಂದು ತುದಿಯ ನೈಟ್ರೋಜನ್ ಹೋಗಿ ನೇರ ಆ ಕಬ್ಬಿಣವನ್ನು ಹಿಡಿಯುತ್ತದೆ. ಔಷಧದ ಉಳಿದ ಮೈ ಗೂಡಿನ ಗೋಡೆಗೆ ಒರಗಿ ಕೂರುತ್ತದೆ. ಕಿಣ್ವಕ್ಕೆ ಬೇಕಾದ ಅಣುವಿಗೆ ಆಗ ಜಾಗವೇ ಇಲ್ಲ. ಪೊರೆ ಕೆಡುತ್ತದೆ, ಶಿಲೀಂಧ್ರ ಬೆಳೆಯುವುದನ್ನು ನಿಲ್ಲಿಸುತ್ತದೆ.

ಈಗ ಶಿಲೀಂಧ್ರ ಏನು ಮಾಡಿತು ನೋಡಿ. ಗೂಡಿನ ಗೋಡೆಯಲ್ಲಿ 136ನೇ ಜಾಗದಲ್ಲಿ ಟೈರೋಸಿನ್ ಇರಬೇಕು. ಎಲ್ಲೋ ಕೆಲವು ಶಿಲೀಂಧ್ರಗಳಲ್ಲಿ ಜೀನ್ ತಪ್ಪಿ ಅಲ್ಲಿ ಫಿನೈಲ್‌ಅಲನಿನ್ ಬಂತು. ಎರಡಕ್ಕೂ ವ್ಯತ್ಯಾಸ ಎಷ್ಟು ಗೊತ್ತಾ? ಒಂದೇ ಒಂದು ಆಮ್ಲಜನಕದ ಪರಮಾಣು. ಅಷ್ಟಕ್ಕೇ ಔಷಧದ ಹಿಡಿತ ಸಡಿಲಾಗುತ್ತದೆ, ಆದರೆ ಕಿಣ್ವದ ಸ್ವಂತ ಕೆಲಸ ನಡೆದೇ ಇರುತ್ತದೆ. ಯುರೋಪಿನ ದ್ರಾಕ್ಷಿ ತೋಟಗಳ ಬೂದಿ ಶಿಲೀಂಧ್ರದಲ್ಲಿ ಈ ಬದಲಾವಣೆಯನ್ನು 1990ರ ದಶಕದಲ್ಲೇ ಕಂಡುಹಿಡಿದರು. ನಿಮ್ಮ ತೋಟದಲ್ಲೂ ಇದೇ ಆಗಿದೆಯೋ ಎಂಬುದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಯೇ ಹೇಳಬೇಕಾದ ಮಾತು. ರೋಗ ಬಂದ ಎಲೆ ತೆಗೆದುಕೊಂಡು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನೋ ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ.

ಡೋಸ್ ಜಾಸ್ತಿ ಮಾಡಬೇಡಿ. ಹಾಗೆ ಮಾಡಿದರೆ ಔಷಧಕ್ಕೆ ಬಗ್ಗುವ ಶಿಲೀಂಧ್ರ ಸಾಯುತ್ತದೆ, ಬಗ್ಗದ್ದು ಉಳಿದು ಇಡೀ ತೋಟವನ್ನು ತನ್ನದು ಮಾಡಿಕೊಳ್ಳುತ್ತದೆ. ಮೇಲಿಂದ ಹಣ್ಣಿನಲ್ಲಿ ಔಷಧದ ಅಂಶ ಉಳಿಯುತ್ತದೆ, ಎಕ್ಸ್‌ಪೋರ್ಟಿನವರು ಮಾಲು ತಿರುಗಿಸಿ ಕಳಿಸುತ್ತಾರೆ. ಇನ್ನೊಂದು ವಿಷಯ, ಹೆಕ್ಸಾಕೊನಜೋಲ್ ಬಿಟ್ಟು ಟೆಬುಕೊನಜೋಲ್ ತಂದರೆ ಔಷಧ ಬದಲಿಸಿದ ಹಾಗಲ್ಲ. ಹೆಸರಿನ ಕೊನೆಗೆ ಕೊನಜೋಲ್ ಅಂತ ಇರುವುದೆಲ್ಲ ಹಿಡಿಯುವುದು ಅದೇ ಕಿಣ್ವವನ್ನು, ಅದೇ ಗೂಡಿನಲ್ಲಿ. ಡಬ್ಬಿಯ ಬಣ್ಣ ಬೇರೆ, ಅಷ್ಟೇ. ಬದಲಿಸುವುದಾದರೆ ಗುಂಪನ್ನೇ ಬದಲಿಸಬೇಕು. ಗಂಧಕ ನಮ್ಮ ಹಿರಿಯರ ಕಾಲದಿಂದ ಇದ್ದರೂ ಇನ್ನೂ ನಡೆಯುತ್ತಿರುವುದು ಯಾಕೆಂದರೆ ಅದು ಒಂದು ಗೂಡನ್ನು ನಂಬಿಕೊಂಡಿಲ್ಲ. ಶಿಲೀಂಧ್ರದ ಹತ್ತಾರು ಕಡೆ ಕೈಹಾಕುತ್ತದೆ. ಒಂದು ಪರಮಾಣು ಬದಲಿಸಿ ತಪ್ಪಿಸಿಕೊಳ್ಳುವುದು ಆಗ ಸುಲಭವಲ್ಲ. ಬಿಸಿಲು ಜೋರಿದ್ದಾಗ ಮಾತ್ರ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ಡೌನಿಯ ಕಥೆ ಬೇರೆಯೇ. ನೋಡಲು ಬೂಷ್ಟಿನ ತರ ಇದ್ದರೂ ಅದನ್ನು ತರುವ ಜೀವಿ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದು ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ, ಹಾಗಾಗಿ ಕೊನಜೋಲಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಡೋಸ್ ಹತ್ತು ಪಟ್ಟು ಮಾಡಿದರೂ ಅಷ್ಟೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಿವೈಪಿ51 ನಮ್ಮ ಮೈಯಲ್ಲೂ ಇದೆ, ಕೊಲೆಸ್ಟ್ರಾಲ್ ತಯಾರಿಸಲು. ನಮ್ಮ ಗೂಡಿನ ಗೋಡೆ ಸ್ವಲ್ಪ ಬೇರೆ, ಅದಕ್ಕೇ ಈ ಔಷಧಗಳು ಶಿಲೀಂಧ್ರದ್ದನ್ನು ಬಿಗಿಯಾಗಿ, ನಮ್ಮದನ್ನು ಸಡಿಲಾಗಿ ಹಿಡಿಯುತ್ತವೆ. ಸಡಿಲಾಗಿ ಅಂದರೆ ಪೂರ್ತಿ ಇಲ್ಲ ಅಂತ ಅಲ್ಲ. ಔಷಧ ಕಲಸುವಾಗ ಬರಿಗೈ ಹಾಕಬೇಡಿ, ಹೊಡೆಯುವ ಹುಡುಗರಿಗೆ ಮಾಸ್ಕ್ ಕೊಡಿ.

ಪ್ರಶ್ನೆ: ಮೊಣಕಾಲು ನೋವಿಗೆ ಐಬುಪ್ರೊಫೆನ್ ತಿನ್ನುತ್ತಿದ್ದೆ, ಹೊಟ್ಟೆ ಉರಿ ಶುರುವಾಯಿತು. ಡಾಕ್ಟರು ಸೆಲೆಕಾಕ್ಸಿಬ್ ಬರೆದುಕೊಟ್ಟರು, ಇದು ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ ಅಂದರು. ಯಾವುದು ಹೊಟ್ಟೆ, ಯಾವುದು ಮೊಣಕಾಲು ಎಂದು ಮಾತ್ರೆಗೆ ಹೇಗೆ ಗೊತ್ತಾಗುತ್ತದೆ?
– ನಿವೃತ್ತ ಶಿಕ್ಷಕರು, ಶಹಾಪುರ, ಬೆಳಗಾವಿ

ಉತ್ತರ: ಗೊತ್ತಾಗುವುದಿಲ್ಲ ಗುರುಗಳೇ. ಮಾತ್ರೆ ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಬೇರೆ ಇರುವುದು ಅಲ್ಲಲ್ಲಿ ಕೂತಿರುವ ಕಿಣ್ವಗಳು. ಹೊಟ್ಟೆಯ ಒಳಪದರವನ್ನು ಕಾಯುವ ವಸ್ತುಗಳನ್ನು ಮುಖ್ಯವಾಗಿ ಕಾಕ್ಸ್-1 ತಯಾರಿಸುತ್ತದೆ. ಊತ, ನೋವು ಇರುವ ಕಡೆ ಕಾಕ್ಸ್-2 ಹೆಚ್ಚಾಗುತ್ತದೆ. ಎರಡರದ್ದೂ ಒಳಗೆ ಉದ್ದನೆಯ ಒಂದು ಸುರಂಗ. ಐಬುಪ್ರೊಫೆನ್ ಸಣ್ಣದು, ಎರಡೂ ಸುರಂಗಕ್ಕೆ ನುಗ್ಗುತ್ತದೆ, ಒಳಗಿರುವ ಆರ್ಜಿನಿನ್ ಒಂದಕ್ಕೆ ಅಂಟಿಕೊಂಡು ಎರಡನ್ನೂ ನಿಲ್ಲಿಸುತ್ತದೆ.

ಎರಡು ಸುರಂಗಕ್ಕೂ ಇರುವ ವ್ಯತ್ಯಾಸ ಕೇಳಿದರೆ ನಗು ಬರುತ್ತದೆ. 523ನೇ ಜಾಗದಲ್ಲಿ ಕಾಕ್ಸ್-1ಕ್ಕೆ ಐಸೋಲ್ಯೂಸಿನ್, ಕಾಕ್ಸ್-2ಕ್ಕೆ ವ್ಯಾಲಿನ್. ವ್ಯಾಲಿನ್‌ನಲ್ಲಿ ಒಂದು ಇಂಗಾಲ, ಎರಡು ಜಲಜನಕ ಕಡಿಮೆ. ಅಷ್ಟು ಸಣ್ಣ ಜಾಗ ಖಾಲಿಯಾದ್ದರಿಂದ ಕಾಕ್ಸ್-2ರ ಸುರಂಗದ ಪಕ್ಕದಲ್ಲಿ ಒಂದು ಒಳಗೂಡು ತೆರೆದುಕೊಂಡಿದೆ. ಸೆಲೆಕಾಕ್ಸಿಬ್‌ನ ಒಂದು ಕವಲು ಆ ಒಳಗೂಡಿಗೆ ಸರಿಯಾಗಿ ಇಳಿಯುತ್ತದೆ. ಕಾಕ್ಸ್-1ರಲ್ಲಿ ಅದಕ್ಕೆ ಬಾಗಿಲೇ ಮುಚ್ಚಿದೆ. ಕಾಕ್ಸ್-2ರ ವ್ಯಾಲಿನ್ ತೆಗೆದು ಐಸೋಲ್ಯೂಸಿನ್ ಹಾಕಿಯೂ ನೋಡಿದ್ದಾರೆ, ಆಗ ಈ ಜಾತಿಯ ಔಷಧದ ಹಿಡಿತ ತಪ್ಪಿಹೋಗುತ್ತದೆ.

ಆದರೂ ಇದು ಪೂರಾ ನಿರಪಾಯ ಅಂದುಕೊಳ್ಳಬೇಡಿ. ಕಾಕ್ಸ್-2 ಮೂತ್ರಪಿಂಡದಲ್ಲೂ ರಕ್ತನಾಳದಲ್ಲೂ ಕೆಲಸ ಮಾಡುತ್ತದೆ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಎಂದು ಗೊತ್ತಾಗಿ 2004ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಬಿಪಿ, ಹೃದಯ, ಕಿಡ್ನಿ ತೊಂದರೆ ಏನಾದರೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ತಂದು ನುಂಗುವುದು ಬೇಡ.

ಪ್ರಶ್ನೆ: ಕಬ್ಬು ಕಡಿದು ಗಾಡಿ ಸಿಗದೆ ಹೊಲದಲ್ಲಿ ಬಿದ್ದರೆ ತೂಕ ಕಡಿಮೆ ಆಗುವುದು ಸರಿ, ನೀರು ಆರುತ್ತದೆ. ಸಕ್ಕರೆಯೂ ಕಡಿಮೆ ಆಗುತ್ತದೆ ಅಂತಾರಲ್ಲ, ಅದು ಎಲ್ಲಿ ಹೋಗುತ್ತದೆ?
– ಕಬ್ಬು ಬೆಳೆಗಾರರು, ಅಥಣಿ

ಉತ್ತರ: ಕಬ್ಬಿನಲ್ಲೇ ಇರುವ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಗ್ಲುಕೋಸ್, ಫ್ರಕ್ಟೋಸ್ ಎಂದು ಎರಡು ತುಂಡು ಮಾಡುತ್ತದೆ. ಸಿಹಿ ಎಲ್ಲೂ ಹೋಗಿರುವುದಿಲ್ಲ, ಆದರೆ ಆ ತುಂಡುಗಳು ಕಾರ್ಖಾನೆಯಲ್ಲಿ ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತವೆ. ಕಡಿದ ತುದಿಯಿಂದ ನುಗ್ಗುವ ಬ್ಯಾಕ್ಟೀರಿಯಾಗಳೂ ತಮ್ಮ ಪಾಲು ತಿನ್ನುತ್ತವೆ. ಬಿಸಿಲು ಹೆಚ್ಚಾದಷ್ಟೂ ಎರಡೂ ಜೋರು. ಈ ಕಿಣ್ವ ಗುರುತು ಹಿಡಿಯುವುದು ಸಕ್ಕರೆಯ ಫ್ರಕ್ಟೋಸ್ ಕಡೆಯನ್ನು. ಅದಕ್ಕೇ ಹಾಲಿನ ಸಕ್ಕರೆಯನ್ನು ಅದರ ಮುಂದೆ ಇಟ್ಟರೆ ಸುಮ್ನೆ ಇರುತ್ತದೆ, ಅದರಲ್ಲಿ ಫ್ರಕ್ಟೋಸ್ ಇಲ್ಲ.

ಪ್ರಶ್ನೆ: ಪ್ರೋಟೀನಿನ ರಚನೆಯನ್ನು ಈಗ ಕಂಪ್ಯೂಟರೇ ಹೇಳುತ್ತದಂತೆ. ಹಾಗಾದರೆ ಯಾವ ಕಿಣ್ವ ಯಾವ ಅಣುವನ್ನು ಹಿಡಿಯುತ್ತದೆ ಎಂದೂ ಅದೇ ಹೇಳಬಹುದಲ್ಲ? ಲ್ಯಾಬ್ ಕೆಲಸ ಕಲಿಯುವುದು ಇನ್ನು ದಂಡವೇ?
– ಬಿ.ಎಸ್ಸಿ. ವಿದ್ಯಾರ್ಥಿ, ಬೆಳಗಾವಿ

ಉತ್ತರ: ದಂಡ ಅಲ್ಲ ತಮ್ಮಾ. ನೀನು ಹೇಳುವ ಆ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಫೋಲ್ಡ್ ದೊಡ್ಡ ಕೆಲಸ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂತು, ಹೊಸ ಪ್ರೋಟೀನ್ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಜೊತೆಗೆ. 20 ಕೋಟಿಗೂ ಹೆಚ್ಚು ಪ್ರೋಟೀನಿನ ಊಹಿಸಿದ ರಚನೆ ಪುಕ್ಕಟೆ ಸಿಗುತ್ತದೆ. ಆದರೆ ಅದರಲ್ಲಿರುವುದು ಪ್ರೋಟೀನಿನ ಸರ ಮಾತ್ರ. ಸಿವೈಪಿ51 ತೆಗೆದರೆ ಒಳಗಿನ ಕಬ್ಬಿಣ ಇಲ್ಲ, ಹೆಕ್ಸೋಕೈನೇಸ್ ತೆಗೆದರೆ ಅದು ಮುಚ್ಚಿಕೊಳ್ಳುವ ಆಟ ಕಾಣುವುದಿಲ್ಲ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಸಣ್ಣ ಅಣುಗಳನ್ನೂ ಕೂರಿಸಿ ತೋರಿಸುತ್ತದೆ. ಅಷ್ಟಾದರೂ ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಹಿಡಿದ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಕಿಣ್ವವನ್ನು ಟ್ಯೂಬಿಗೆ ಹಾಕಿ ಅಳೆಯಲೇಬೇಕು. ಮೇಲೆ ಹೇಳಿದ ಟ್ರಿಪ್ಸಿನ್ನಿನ ಆ ಎರಡು ಸುರುಳಿ ಮುಖ್ಯ ಎಂದು ಬರೀ ಚಿತ್ರ ನೋಡಿ ಯಾರೂ ಹೇಳಿರಲಿಲ್ಲ.

ಸುಮ್ನೆ ಓದುವ ಬದಲು ನೀನೇ ನೋಡು. 1971ರಿಂದ ಇರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ಪುಕ್ಕಟೆ, ಮೊಬೈಲಿನಲ್ಲೂ ತೆರೆಯುತ್ತದೆ. ಹುಡುಕುವ ಜಾಗದಲ್ಲಿ 2ಪಿಟಿಎನ್ ಎಂಬ ಗುರುತನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಆಕಳ ಟ್ರಿಪ್ಸಿನ್ ಬರುತ್ತದೆ, 4ಸಿಎಚ್ಎ ಹಾಕಿದರೆ ಕೈಮೋಟ್ರಿಪ್ಸಿನ್. ಎರಡನ್ನೂ ತಿರುಗಿಸಿ 195ನೇ ಸೀರಿನ್ ಹುಡುಕು, ಅಲ್ಲಿಂದ ಗೂಡಿನೊಳಗೆ ಇಳಿದು 189ಕ್ಕೆ ಬಾ. ಒಂದರಲ್ಲಿ ಆಸ್ಪಾರ್ಟೇಟ್, ಇನ್ನೊಂದರಲ್ಲಿ ಸೀರಿನ್ ಕಾಣುತ್ತದೆ. ಆಮೇಲೆ 216 ಮತ್ತು 226ನ್ನೂ ನೋಡು. ಎರಡರಲ್ಲೂ ಅಲ್ಲಿ ಸಣ್ಣ ಗ್ಲೈಸಿನ್ ಇರುತ್ತದೆ, ಅದಕ್ಕೇ ಬಾಗಿಲು ತೆರೆದಿದೆ. ಎಲಾಸ್ಟೇಸ್ ಒಂದನ್ನು ನೀನೇ ಹುಡುಕಿ ತೆಗೆದು ಹೋಲಿಸಿ ನೋಡಿ ಬರಿ.